ನಾಲ್ಕನೆಯ ಹಾಡಿನ ಹಕ್ಕಿ

"ಹಕ್ಕಿ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು?" ಎಂದ ಗುಡುಗು. ಎದುರಿಗೆ ಕೂತಿದ್ದ ಪತ್ರಿಕೆಯವಳು ಬರೆಯುವುದನ್ನು ನಿಲ್ಲಿಸಿ, ಅವನ ಆಲ್ಬಮ್ಮಿನ ಪ್ರಚಾರದವಳ ಮುಖ ನೋಡಿದಳು. ಪ್ರಚಾರದವಳು ನಕ್ಕಳು. ಬೆಳಗಿನಿಂದ ಇದು ಐದನೆಯ ಸಂದರ್ಶನ, ಐದರಲ್ಲೂ ಅವಳು ಹೀಗೇ ನಕ್ಕಿದ್ದಳು.

"ಸರ್ ತಮಾಷೆ ಮಾಡ್ತಾರೆ, ನೀವು ಬರ್ಕೊಳ್ಳಿ."

"ತಮಾಷೆ ಅಲ್ಲಮ್ಮ. ಒಂಬತ್ತು ಹಾಡು ಮಾಡಿದೀನಿ. ಒಂದ್ರಲ್ಲೂ ಹಕ್ಕಿ ಇಲ್ಲ, ನಾಯಿ ಇಲ್ಲ, ಬೆಕ್ಕಿಲ್ಲ. ನಾಲ್ಕನೇದ್ರಲ್ಲಿ ಬೇಸ್ ಇದೆ, ಎದೆಗೆ ಗುದ್ದೋ ತಗ್ಗಿನ ದನಿ. ಎಂಟು ತಿಂಗಳು ಕೂತು ಮಾಡಿದ ಬೇಸು. ಅದರ ಬಗ್ಗೆ ಕೇಳಿ, ಹೇಳ್ತೀನಿ."

ಪತ್ರಿಕೆಯವಳು ಬೇಸಿನ ಬಗ್ಗೆ ಕೇಳಲಿಲ್ಲ. ಮುಂದೇನು ಯೋಜನೆ, ಹೊಸಬರಿಗೆ ಏನು ಹೇಳುತ್ತೀರಿ ಎಂದು ಎರಡು ಮಾತು ಕೇಳಿ, ಫೋಟೊ ಹೊಡೆದುಕೊಂಡು ಹೋದಳು. ಬಾಗಿಲಲ್ಲಿ ತಿರುಗಿ, "ಆದ್ರೂ ಆ ಹಕ್ಕಿ ತುಂಬ ಚೆನ್ನಾಗಿದೆ ಸರ್, ನಮ್ಮನೇಲಿ ಎಲ್ರೂ ಹಾಗೇ ಅಂದ್ರು," ಎಂದಳು.

ಗುಡುಗು ಅಂದರೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತಮೂರು ವರ್ಷದ ಹಿಂದೆ ಒಂದು ನೆಲಮಾಳಿಗೆಯಲ್ಲಿ ಅವನು ಮೊದಲ ಸಲ ಡಿಜೆಯಾಗಿ ನಿಂತಾಗ, ಮೇಲಿನ ಮಹಡಿಯವರು ಮಳೆ ಬಂತೆಂದು ಒಣಹಾಕಿದ್ದ ಬಟ್ಟೆ ಎತ್ತಿಕೊಂಡರಂತೆ. ಅಂದು ಬಿದ್ದ ಹೆಸರು ಹಾಗೇ ಅಂಟಿಕೊಂಡಿತು. ಈಗ ನಲವತ್ತಾರು. ಗಡ್ಡ ಅರ್ಧ ಬೆಳ್ಳಗಾಗಿದೆ. ಇಷ್ಟು ವರ್ಷ ಬೇರೆಯವರ ಹಾಡು ನುಡಿಸಿ ಜನರನ್ನು ಕುಣಿಸಿದವನು, ಮೂರು ವರ್ಷ ತಾರಸಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ತನ್ನದೇ ಆಲ್ಬಮ್ ಮಾಡಿದ್ದ. ಅದು ಬಿಡುಗಡೆಯಾಗಿ ಹತ್ತು ದಿನವಾಗಿತ್ತು. ಮುಂದಿನ ತಿಂಗಳು ಹದಿನಾಲ್ಕು ಊರುಗಳಲ್ಲಿ ಕಾರ್ಯಕ್ರಮವಿತ್ತು. ಜನ ಮೆಚ್ಚಿದ್ದರು, ಅದರಲ್ಲಿ ಸುಳ್ಳಿಲ್ಲ. ಆದರೆ ಅವರು ಮೆಚ್ಚಿದ್ದು ನಾಲ್ಕನೆಯ ಹಾಡನ್ನು, ನಾಲ್ಕನೆಯ ಹಾಡಿನಲ್ಲಿ ಹಕ್ಕಿಯನ್ನು. ಅವನು ಇಡದೇ ಇದ್ದ ಹಕ್ಕಿಯನ್ನು. ಕೇಳಿ ಕೇಳಿ ಅವನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

"ಒಂದು ಮಾತು ಹೇಳು," ಎಂದ ಪ್ರಚಾರದವಳಿಗೆ. "ಈ ಹಕ್ಕಿ ಕಥೆ ಕಟ್ಟಿದ್ದು ನೀನೇ ತಾನೆ? ನೀನೇ ಎಲ್ರಿಗೂ ಹೇಳ್ಕೊಟ್ಟು ಕಳಿಸ್ತಿದೀಯ."

"ಅಯ್ಯೋ, ನಾನ್ಯಾಕೆ ಹೇಳ್ಕೊಡ್ಲಿ ಸರ್? ನಂಗೂ ಕೇಳ್ಸುತ್ತಲ್ಲ." ಅವಳು ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ಹಳದಿ ಹಕ್ಕಿಯ ಸ್ಟಿಕರುಗಳು, ಒಂದೊಂದರ ಕಿವಿಗೂ ಹೆಡ್‌ಫೋನು. "ಇವತ್ತೇ ಪ್ರಿಂಟಾಗಿ ಬಂತು. ಕಾರ್ಯಕ್ರಮದಲ್ಲಿ ನೀವು ಹಾಕ್ಕೊಳ್ಳೋಕೆ ಒಂದು ಕೊಕ್ಕಿನ ಟೋಪಿನೂ ಹೇಳಿದೀನಿ."

"ಕೊಕ್ಕು."

"ಚಿಕ್ಕದೇ ಸರ್. ಮೂಗಿನ ಮೇಲೆ ಬರಲ್ಲ."

ಅವನು ಬೈಗುಳವನ್ನು ನೀರಿನ ಜೊತೆ ನುಂಗಿದ. ಅವಳು ಒಳ್ಳೆಯವಳೇ, ಕೈಗೆತ್ತಿಕೊಂಡ ಕೆಲಸದಲ್ಲಿ ಹಗಲಿಡೀ ಓಡಾಡುವವಳು. ಅದೇ ಇನ್ನೂ ಕಷ್ಟ, ಬೈಯೋಣವೆಂದರೆ ಮನಸ್ಸು ಬರುವುದಿಲ್ಲ. "ಸರಿ, ತೋರ್ಸು," ಎಂದ. "ಎಲ್ಲಿದೆ ಅಂತ ಬೆರಳಿಟ್ಟು ತೋರ್ಸು. ಇವತ್ತು ಇದೊಂದು ಮುಗಿದುಹೋಗ್ಲಿ."

ಲ್ಯಾಪ್‌ಟಾಪಿನಲ್ಲಿ ಹಾಡು ಹಾಕಿ, ಹೆಡ್‌ಫೋನು ಏರಿಸಿಕೊಂಡ. ಒಂದು ಕಿವಿಯದನ್ನು ಹೊರಕ್ಕೆ ತಿರುಗಿಸಿ ಅವಳಿಗೆ ಕೊಟ್ಟ. ಬೇಸ್ ಬಂತು, ಎದೆ ತುಂಬಿತು. ಆಮೇಲೆ ಡ್ರಮ್. ಅವಳು ಮೇಜಿನ ಮೇಲೆ ಉಗುರಿನಿಂದ ತಟ್ಟತೊಡಗಿದಳು. "ಇಲ್ಲಿ. ಈಗ. ಮತ್ತೆ ಇಲ್ಲಿ. ಚೀಂ, ಚೀಂ ಅಂತ. ಎಷ್ಟು ಮುದ್ದಾಗಿದೆ."

ಅವನಿಗೆ ಏನೂ ಕೇಳಲಿಲ್ಲ.

ದನಿ ಹೆಚ್ಚಿಸಿದ. ಅವಳು ಮುಖ ಕಿವುಚಿ ಹೆಡ್‌ಫೋನಿನಿಂದ ಕಿವಿ ದೂರ ಸರಿಸಿದಳು. "ಚುಚ್ಚುತ್ತೆ ಸರ್, ಇಷ್ಟು ಜೋರು ಬೇಡ."

ಚುಚ್ಚುತ್ತೆ ಎಂಬ ಮಾತನ್ನು ಅವನು ಮೊದಲೂ ಕೇಳಿದ್ದ. ಹಾಡುಗಳೆಲ್ಲ ಮುಗಿದ ಮೇಲೆ ಕೊನೆಯ ಹೊಳಪು ಕೊಡುವುದಕ್ಕೆ ಬೇರೆಯೇ ಎಂಜಿನಿಯರುಗಳಿರುತ್ತಾರೆ. ಅವನ ಹಳೆಯ ಗೆಳೆಯನೇ ಅಂಥವನೊಬ್ಬ. ಮೊದಲ ಹಾಡು ಕೇಳಿದ ಕೂಡಲೇ ಆ ಗೆಳೆಯ, "ಮೇಲಿನ ದನಿಗಳೆಲ್ಲ ಚುಚ್ತಾ ಇವೆ ಕಣೋ, ಯಾಕೋ ಇಷ್ಟು ಏರಿಸಿದೀಯ?" ಎಂದಿದ್ದ. ಇವನಿಗೆ ಪಿತ್ತ ನೆತ್ತಿಗೇರಿತ್ತು. ಮೂರು ವರ್ಷದ ಕೆಲಸವನ್ನು ಮೂರು ನಿಮಿಷದಲ್ಲಿ ಹೀಗಳೆಯುತ್ತಾನಲ್ಲ ಎಂದು, "ಮೊದ್ಲು ನಿನ್ನ ಕಿವಿ ತೋರಿಸ್ಕೊಂಡು ಬಾ," ಎಂದು ಎಲ್ಲವನ್ನೂ ಎತ್ತಿಕೊಂಡು ಬಂದಿದ್ದ. ಆ ಹೊಳಪನ್ನೂ ತಾನೇ ಕೊಟ್ಟುಕೊಂಡ. ಆಮೇಲೆ ಇಬ್ಬರಿಗೂ ಮಾತಿಲ್ಲ.

"ನೀನು ಹೋಗಿ ಕಾಫಿ ಕುಡಿ," ಎಂದು ಪ್ರಚಾರದವಳನ್ನು ಹೊರಗೆ ಕಳಿಸಿದ. ಯಾವ ದನಿ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ನಕ್ಷೆಯನ್ನು ತೆರೆಯ ಮೇಲೆ ತೆರೆದ. ಎಡಗಡೆ ಅವನ ಬೇಸ್ ಗುಡ್ಡದ ಹಾಗೆ ಎದ್ದು ಬೀಳುತ್ತಿತ್ತು. ಬಲಗಡೆ, ಬಹಳ ದೂರದಲ್ಲಿ, ತೀರ ಎತ್ತರದ ದನಿಗಳ ಜಾಗದಲ್ಲಿ, ಸೂಜಿಯಷ್ಟು ತೆಳ್ಳಗಿನ ಒಂದು ಗೆರೆ ನಿಂತಿತ್ತು. ಡ್ರಮ್ಮಿನ ಪೆಟ್ಟು ಬಿದ್ದಾಗ ತಗ್ಗುತ್ತಿತ್ತು, ಬಿಟ್ಟಾಗ ಏಳುತ್ತಿತ್ತು. ಉಳಿದ ಎಲ್ಲವನ್ನೂ ಮುಚ್ಚಿ ಆ ಗೆರೆಯೊಂದನ್ನೇ ಉಳಿಸಿದ. ದನಿ ಬರುತ್ತಿದೆಯೆಂದು ತೋರಿಸುವ ಮೀಟರಿನ ಹಸಿರು ದೀಪ ಏರಿತು, ಇಳಿಯಿತು, ಏರಿತು. ಹೆಡ್‌ಫೋನಿನಲ್ಲಿ ಅವನ ಉಸಿರಾಟವೊಂದೇ ಇತ್ತು.

ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಾಗಲಿಲ್ಲ. ನಾಲ್ಕನೆಯ ಹಾಡಿಗೆ ಬಳಸಿದ ಹಳೆಯ ಕೀಬೋರ್ಡಿಗೆ ಕೈಗೆ ಸಿಕ್ಕ ಯಾವುದೋ ಕರೆಂಟಿನ ಅಡಾಪ್ಟರ್ ಸಿಕ್ಕಿಸಿದ್ದ. ಅದು ಕಿಂಯ್‌ಗುಟ್ಟಿದೆ. ಡ್ರಮ್ಮಿಗೆ ಜಾಗ ಸಿಗಲೆಂದು ಉಳಿದದ್ದೆಲ್ಲ ತಾಳಕ್ಕೆ ತಗ್ಗುವಂತೆ ಅವನೇ ಮಾಡಿದ್ದರಿಂದ, ಆ ಕಿಂಯ್ ತುಂಡು ತುಂಡಾಗಿ ಹಕ್ಕಿಯಾಗಿದೆ. ಅವನಿಗೆ ಸಾಲದೆಂದು ಮೂರು ವರ್ಷವೂ ಏರಿಸುತ್ತ ಹೋದ ಮೇಲಿನ ದನಿಗಳಲ್ಲಿ ಅದೂ ಏರಿದೆ. ಕೆಲಸ ಕಲಿಯುವ ಮೊದಲ ವಾರದಲ್ಲಿರುವವರೂ ಹಾಡಿನಲ್ಲಿ ಉಳಿಯಗೊಡದ ತಪ್ಪು. ಕಿವಿ ಇದ್ದವರು ಯಾರೂ ಉಳಿಯಗೊಡದ ತಪ್ಪು. ಗುಡುಗಿಗೆ ಭಯವಾಯಿತು. ಭಯಕ್ಕಿಂತ ಮೊದಲು, ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು. ಅವನಿಗಿದ್ದ ಬಂಡವಾಳವೆಲ್ಲ ಎರಡು ಕಿವಿ.

ನಾಲ್ಕು ಗಂಟೆಗೆ ರೇಡಿಯೊದಲ್ಲಿ ಕೊನೆಯ ಸಂದರ್ಶನ, ನೇರಪ್ರಸಾರ. ನಿರೂಪಕ ಮಾತಿನ ಮಲ್ಲ, ಒಂದೇ ಉಸಿರಿನಲ್ಲಿ ನಾಲ್ಕು ಪ್ರಶ್ನೆ ಕೇಳಿದ, ಐದನೆಯದು ಹಕ್ಕಿ. ಗಾಜಿನಾಚೆ ಪ್ರಚಾರದವಳು ಎರಡೂ ಕೈ ಮುಗಿದು ನಿಂತಿದ್ದಳು.

"ಹೂಂ," ಎಂದ ಗುಡುಗು. "ಇದೆ."

"ನೋಡಿ, ಒಪ್ಕೊಂಡ್ರು. ಯಾವ ಹಕ್ಕಿ ಸರ್ ಅದು?"

"ಹೆಸ್ರು ಗೊತ್ತಿಲ್ಲ. ನಮ್ಮ ತಾರಸಿ ಮೇಲೆ ಬರ್ತಿತ್ತು ಅನ್ಸುತ್ತೆ."

"ಈಗ್ಲೂ ಬರುತ್ತಾ?"

"ನಾನಂತೂ ನೋಡಿಲ್ಲ," ಎಂದ. ನಿರೂಪಕ ಜೋರಾಗಿ ನಕ್ಕು ಹಾಡು ಹಾಕಿದ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಗಣಿತದ ಟೀಚರಾದ ಹೆಂಡತಿ ಊಟದ ಮೇಜಿನ ತುಂಬ ಉತ್ತರಪತ್ರಿಕೆ ಹರಡಿಕೊಂಡು, ಕೆಂಪು ಪೆನ್ನು ಹಿಡಿದು ಕೂತಿದ್ದಳು. ತಲೆ ಎತ್ತದೆಯೇ ಶುರುಮಾಡಿದಳು.

"ಬೆಳಿಗ್ಗೆ ವಾಷಿಂಗ್ ಮೆಷಿನ್ ಮುಗಿದು ಬೀಪ್ ಬೀಪ್ ಅಂತ ಹೊಡ್ಕೊಳ್ತಾನೇ ಇತ್ತು. ನೀವು ಅಲ್ಲೇ ಪಕ್ಕದಲ್ಲಿ ನಿಂತು ಹಲ್ಲುಜ್ತಾ ಇದ್ರಿ. ಬಟ್ಟೆ ತೆಗೆದು ಹಾಕೋಕೇನ್ರೀ ಕಷ್ಟ? ವಾಸನೆ ಹಿಡಿದಿದೆ, ಎಲ್ಲ ಮತ್ತೆ ಒಗೀಬೇಕು. ಹೇಳಿ ಹೇಳಿ ನಂಗೂ ಸಾಕಾಯ್ತು."

ಅವನು ಜಗಳಕ್ಕೆ ನಿಲ್ಲಲಿಲ್ಲ. ಲ್ಯಾಪ್‌ಟಾಪನ್ನು ಉತ್ತರಪತ್ರಿಕೆಗಳ ನಡುವೆ ಇಟ್ಟ. "ನಾಲ್ಕನೇ ಹಾಡಲ್ಲಿ ಒಂದು ಹಕ್ಕಿ ಇದ್ಯಂತೆ. ನಿಂಗೆ ಕೇಳ್ಸುತ್ತಾ?"

"ಇದ್ಯಂತೆ ಏನು, ಇದೆ. ನೀವೇ ಹಾಕಿದ್ದಲ್ವಾ?"

"ಅದು ಕೂಗಿದಾಗೆಲ್ಲ ಕೈ ಎತ್ತು."

"ರೀ, ನಲವತ್ತು ಪೇಪರ್ ಬಾಕಿ ಇದೆ ನಂಗೆ. ಇದೇನು ಮಕ್ಕಳಾಟ."

"ಒಂದೇ ಒಂದ್ಸಲ."

ಅವನ ದನಿಯಲ್ಲಿ ಏನಿತ್ತೋ, ಅವಳು ಪೆನ್ನಿನ ಮುಚ್ಚಳ ಹಾಕಿದಳು. ಹಾಡು ಶುರುವಾಯಿತು. ಅವಳು ಎಡಗೈಯಿಂದ ಹಾಳೆ ಮಗುಚುತ್ತ, ಬಲಗೈಯ ಪೆನ್ನನ್ನು ಬೇಸರದಿಂದಲೇ ಎತ್ತುತ್ತ ಇಳಿಸುತ್ತ ಹೋದಳು. ಪೆನ್ನು ತಾಳಕ್ಕೆ ಸರಿಯಾಗಿ ಏಳುತ್ತಿತ್ತು, ಎರಡು ಪೆಟ್ಟಿನ ನಡುವೆ, ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲದೆ. ಜನ ಯಾಕೆ ಮೆಚ್ಚಿದರೆಂದು ಅವನಿಗೆ ಈಗ ತಿಳಿಯಿತು. ಬೇಕೆಂದೇ ಇಟ್ಟಿದ್ದರೂ ಅಷ್ಟು ಚೆನ್ನಾಗಿ ಇಡಲು ಅವನಿಂದ ಆಗುತ್ತಿರಲಿಲ್ಲ.

ಅರ್ಧ ಹಾಡಾಗುವ ಹೊತ್ತಿಗೆ ಅವಳು ಹಾಳೆ ಮಗುಚುವುದನ್ನು ಬಿಟ್ಟಿದ್ದಳು. ಅವನ ಕಣ್ಣುಗಳ ಕಡೆಗೆ ನೋಡುತ್ತಿದ್ದಳು. ಅವನ ಕಣ್ಣು ಪೆನ್ನಿನ ತುದಿ ಬಿಟ್ಟು ಕದಲುತ್ತಿರಲಿಲ್ಲ.

"ನಿಮ್ಗೆ..." ಎಂದಳು.

ಡ್ರಮ್ ನಿಂತಿತು. ಬೇಸ್ ಕರಗಿತು. ಕೊನೆಯಲ್ಲಿ ಕೇಳುವವರು ಉಸಿರು ಬಿಡಲಿ ಎಂದು ಅವನು ಹದಿನೈದು ಸೆಕೆಂಡು ಏನೂ ಇಲ್ಲದೆ ಖಾಲಿ ಬಿಟ್ಟಿದ್ದ. ಅವನ ಕಿವಿಗೆ ಕೋಣೆ ನಿಶ್ಶಬ್ದವಾಯಿತು. ಅವಳು ಪೆನ್ನನ್ನು ಮೇಲೆತ್ತಿದಳು. ಈ ಸಲ ಕೆಳಗಿಳಿಸಲಿಲ್ಲ.