ಮುಖ ಅಳಿಸುವ ಕೆಲಸ

ಜಡೆ ಹೆಣೆಯುವಾಗ ಅರ್ಧಕ್ಕೇ ಕೈ ಇಳಿಸಿ ಕೂರುತ್ತಿದ್ದೇನೆ ಎಂಬುದನ್ನು ಅವಳು ತನಗೆ ತಾನೇ ಒಪ್ಪಿಕೊಂಡದ್ದು ಒಂದು ಸೋಮವಾರ ಬೆಳಿಗ್ಗೆ, ಕನ್ನಡಿಯ ಮುಂದೆ. ತೋಳು ನೋಯುತ್ತಿರಲಿಲ್ಲ. ಒಳಗಿನಿಂದ ಯಾರೋ ಸಾಕು ಅಂದಂತಾಗಿ ಅದು ತಾನಾಗಿ ಇಳಿದುಬಿಡುತ್ತಿತ್ತು. ನಿದ್ದೆಗೇನೂ ಕೊರತೆಯಿರಲಿಲ್ಲ; ಎದ್ದಾಗ ಮಾತ್ರ ರಾತ್ರಿಯೆಲ್ಲ ಮೂಟೆ ಹೊತ್ತವಳ ಹಾಗೆ ಮೈ ಭಾರ. ದಿನಾ ಸುಸ್ತಿನವರನ್ನೇ ನೋಡಿ ನೋಡಿ ತನಗೂ ಅಂಟಿಕೊಂಡಿತೇ? ಇಲ್ಲಾ, ಗೊತ್ತಿಲ್ಲದೆ ಅಕ್ಕನನ್ನು ಅಣಕಿಸುತ್ತಿದ್ದೇನೆಯೇ? ಯಾರನ್ನಾದರೂ ಕೇಳೋಣವೆಂದರೆ ತಾನು ಬಾಯಿಬಿಡುವುದೇ ಅಪರೂಪ.

ಅಕ್ಕ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಜ್ವರವೊಂದು ಬಂತು, ಹೋಯಿತು, ಸುಸ್ತು ಹೋಗಲಿಲ್ಲ. ರಕ್ತ, ಎದೆ, ಎಲ್ಲ ಪರೀಕ್ಷೆಯಲ್ಲೂ ಎಲ್ಲವೂ ಸರಿಯಿದೆ ಎಂದು ಬಂದಮೇಲೆ ಮನೆಯವರ ಕನಿಕರವೂ ತೆಳ್ಳಗಾಯಿತು. "ಮಹಾರಾಣಿಯವರಿಗೆ ಇನ್ನೂ ಬೆಳಗಾಗಿಲ್ವಾ?" ಎಂದು ಅತ್ತೆ, ಅಂದರೆ ಅಪ್ಪನ ತಂಗಿ, ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಚುಚ್ಚುತ್ತಿದ್ದಳು. ಅಮ್ಮನೋ, ಹೇಳಬೇಕಾದ್ದನ್ನೆಲ್ಲ ಪಾತ್ರೆಗಳ ಸದ್ದಿನಲ್ಲೇ ಹೇಳುತ್ತಿದ್ದಳು. ಅಕ್ಕ ತಂಗಿಯ ಬಳಿ ಬೇಡಿದ್ದು ಒಂದೇ: "ನನ್ನ ತಲೆಯೊಳಗೆ ನಿಜವಾಗ್ಲೂ ಏನೋ ಆಗಿದೆ ಅಂತ ಯಾರಾದ್ರೂ ಹೇಳಿದ್ರೆ ಸಾಕು ಕಣೆ. ವಾಸಿ ಆಗ್ದಿದ್ರೂ ಪರವಾಗಿಲ್ಲ."

ಹಾಗಾಗಿಯೇ ಡಿಗ್ರಿ ಮುಗಿದದ್ದೇ ತಡ ಅವಳು ಮೆದುಳಿನ ಪ್ರಯೋಗಾಲಯ ಸೇರಿದ್ದು. ಅಲ್ಲಿನ ಡಾಕ್ಟರಮ್ಮ ಈ ಬಿಡದ ಸುಸ್ತಿನ ಗುರುತನ್ನು ಮೆದುಳಿನಲ್ಲಿ ಹುಡುಕುತ್ತಿದ್ದರು. ಸ್ಕ್ಯಾನ್ ಯಂತ್ರದ ಸುರಂಗದೊಳಗೆ ಮಲಗಿದವರು ಕೈಗೆ ಕೊಟ್ಟ ಹಿಡಿಕೆಯನ್ನು ಬಿಟ್ಟು ಬಿಟ್ಟು ಹಿಂಡಬೇಕು. ಆಗ ಆರೋಗ್ಯವಂತರ ತಲೆಯಲ್ಲಿ, ಕಿವಿಯ ಮೇಲ್ಗಡೆ, ಒಂದು ಜಾಗ ಪರದೆಯ ಮೇಲೆ ಬೆಳಗುತ್ತಿತ್ತು. ಸುಸ್ತಿನವರಲ್ಲಿ ಅದು ಕಪ್ಪಾಗಿಯೇ ಉಳಿಯುತ್ತಿತ್ತು. ಅಕ್ಕನೂ ಬಂದು ಮಲಗಿ ಹೋಗಿದ್ದಳು. ಆಮೇಲೆ ವಾರಗಟ್ಟಲೆ ಏಳಲಾಗಲಿಲ್ಲ.

ಅಲ್ಲಿ ತಂಗಿಯ ಪಾಲಿಗೆ ಬಂದದ್ದು ಮುಖ ಅಳಿಸುವ ಕೆಲಸ. ತಲೆಯ ಸ್ಕ್ಯಾನಿನಲ್ಲಿ ಮೆದುಳಿನ ಜೊತೆ ಮೂಗು, ತುಟಿ, ಗಲ್ಲವೂ ಮೂಡಿಬಿಡುತ್ತವೆ. ಬಲ್ಲವರು ಗುರುತು ಹಿಡಿಯಬಹುದು. ಅದಕ್ಕೇ ಹಣೆಯಿಂದ ಗದ್ದದವರೆಗೆ ಸವರಿ ತೆಗೆದು, ಹೆಸರನ್ನೂ ಕಿತ್ತು, ಮುಂದಕ್ಕೆ ಕಳಿಸಬೇಕು. ಆಮೇಲೆ ಅದು ಯಾರದೆಂದು ಡಾಕ್ಟರಮ್ಮ ಕೂಡ ಕೇಳುವಂತಿಲ್ಲ.

ಆ ಮುಖಗಳಿಗೆ ಕೂದಲಿರುವುದಿಲ್ಲ, ಹುಬ್ಬಿರುವುದಿಲ್ಲ. ಬೂದಿಯಲ್ಲಿ ಮಾಡಿಟ್ಟಂತೆ, ಕಣ್ಣು ಮುಚ್ಚಿ, ಪರದೆಯ ಕತ್ತಲೆಯಲ್ಲಿ ಮೆಲ್ಲಗೆ ತಿರುಗುತ್ತಿರುತ್ತವೆ. ಅವಳು ಕೂರುವ ಕಿಟಕಿಯಿಲ್ಲದ ಕೋಣೆಗೆ, ಸ್ಕ್ಯಾನ್ ಯಂತ್ರ ನಡೆಸುವ ಟೆಕ್ನಿಷಿಯನ್ ಅಣ್ಣ ಆಗಾಗ ಇಣುಕುತ್ತಿದ್ದ. "ಏನು ಪಿಸುಮಾತು, ಇವತ್ತು ಎಷ್ಟು ಜನರ ಮುಖಕ್ಕೆ ಮಸಿ ಬಳಿದೆ?" ಅವಳ ಧ್ವನಿ ಅಷ್ಟು ಸಣ್ಣದೆಂದು ಅವನೇ ಇಟ್ಟ ಹೆಸರದು. ಅವನು ಹೋದರೆ ಮತ್ತೆ ಗೋಡೆಯಾಚೆ ಯಂತ್ರ ಟಕಟಕ ಬಡಿದುಕೊಳ್ಳುವ ಸದ್ದೊಂದೇ.

ಆ ಸೋಮವಾರ ತೆರೆದ ಚಿತ್ರದಲ್ಲಿ ಅಕ್ಕ ಇದ್ದಳು. ಅದೇ ಮೊಂಡು ಮೂಗು, ಅದೇ ಒಳಸರಿದ ಕೆಳತುಟಿ. ಆದರೆ ಅಕ್ಕನ ಮುಖವನ್ನು ಯಾವತ್ತೋ ಕೈಯಾರೆ ಅಳಿಸಿಯಾಗಿತ್ತಲ್ಲ? ಮುಖ ನಿಧಾನವಾಗಿ ಅತ್ತ ತಿರುಗಿ, ಮತ್ತೆ ಇತ್ತ ಬಂತು.

ಅದು ಆರೋಗ್ಯವಂತರ ಗುಂಪಿನದೆಂದು ಚಿತ್ರದ ಮೂಲೆಯಲ್ಲಿ ಬರೆದಿತ್ತು. ಆಗ ಹೊಳೆಯಿತು, ಇದು ತನ್ನದೇ ಮುಖ. ಬರಬೇಕಿದ್ದ ಆರೋಗ್ಯವಂತರೊಬ್ಬರು ಕೈಕೊಟ್ಟ ದಿನ, ಯಂತ್ರ ಸುಮ್ಮನೆ ಬಿದ್ದಿರುವುದು ಬೇಡವೆಂದು ಟೆಕ್ನಿಷಿಯನ್ ಅಣ್ಣ ಅವಳನ್ನೇ ಮಲಗಿಸಿದ್ದ. ಹೀಗೆ ಜಾಗ ಖಾಲಿ ಬಿದ್ದರೆ ಅಲ್ಲಿ ಕೆಲಸ ಮಾಡುವವರೇ ಮಲಗುವುದು ರೂಢಿ. ಸುಸ್ತುಗಿಸ್ತು ಇದೆಯಾ ಎಂದು ಅವನು ನಗುತ್ತಲೇ ಕೇಳಿದ್ದ, ಅವಳು ನಗುತ್ತಲೇ ಇಲ್ಲವೆಂದಿದ್ದಳು. ಮೆಟ್ಟಿಲು ಹತ್ತುವಾಗ ನಡುವೆ ಕೂತು ಸುಧಾರಿಸಿಕೊಂಡು ಬಂದಿದ್ದ ದಿನ ಅದು.

ಕೂದಲು, ಹುಬ್ಬು ತೆಗೆದರೆ ತಾನು ಅಕ್ಕನೇ. ಹಣೆಯಿಂದ ಸವರತೊಡಗಿದಳು. ಕಣ್ಣು ಹೋಯಿತು, ಮೂಗು ಹೋಯಿತು. ಬಾಯಿ ಹೋಗುವಾಗ ಅದು ಏನೋ ಹೇಳಲು ತೆರೆದಂತೆ ಕಂಡು, ಕೈ ಜಾರಿ ಗದ್ದದ ಬಳಿ ಗೆರೆ ಸೊಟ್ಟಗಾಯಿತು. ತನ್ನ ತುಟಿ ಮುಟ್ಟಿ ನೋಡಿಕೊಂಡಳು. ಅಲ್ಲೇ ಇತ್ತು, ತಣ್ಣಗೆ.

ವಾರದ ಕೊನೆಗೆ ಡಾಕ್ಟರಮ್ಮ ಎಲ್ಲರನ್ನೂ ದೊಡ್ಡ ಪರದೆಯ ಮುಂದೆ ಕೂರಿಸಿದರು. ಒಂದು ಕಡೆ ಆರೋಗ್ಯವಂತರ ತಲೆಗಳು, ದೀಪ ಹಚ್ಚಿದ ಮನೆಗಳಂತೆ. ಇನ್ನೊಂದು ಕಡೆ ಕತ್ತಲೆ. ಬೆಳಕಿನ ಸಾಲಿನಲ್ಲಿ ಒಂದು ಮಾತ್ರ ಕಪ್ಪು. ಅದರ ಗದ್ದದ ಬಳಿ ಗೆರೆ ಸೊಟ್ಟಗಿತ್ತು.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇರುವುದೇ ಬೆರಳೆಣಿಕೆಯ ಜನ. ಚೆನ್ನಾಗಿ ಓಡಾಡಿಕೊಂಡಿರುವವರಲ್ಲೂ ಹೀಗೇ ಇದ್ದರೆ ಇದನ್ನು ಕಾಯಿಲೆಯ ಗುರುತು ಅನ್ನುವುದು ಹೇಗೆ ಎಂದರು. ಕಾರಣ ಗೊತ್ತಿಲ್ಲದೆ ಒಬ್ಬರನ್ನು ತೆಗೆದುಹಾಕಿದರೆ ಅದು ಮೋಸ. "ಇಷ್ಟು ದಿನ ಗುದ್ದಾಡಿದ್ದಾಯ್ತು. ಮೆದುಳಲ್ಲಿ ಏನೂ ಸಿಗ್ಲಿಲ್ಲ ಅಂತ ಬರೆದು ಮುಗಿಸೋಣ."

ಆ ಮಾತನ್ನು ಅತ್ತೆ ಬಾಗಿಲಲ್ಲಿ ನಿಂತು ಹೇಗೆ ಆಡುವಳೆಂದು ಅವಳಿಗೆ ಈಗಲೇ ಕೇಳಿಸಿತು. ಗೋಡೆಯ ಕಡೆ ಮುಖ ಮಾಡಿ ಮಲಗುವ ಅಕ್ಕನೂ ಕಂಡಳು. ತಾನು ಬಾಯಿಬಿಟ್ಟರೋ, ಮನೆಯಲ್ಲಿ ಅಮ್ಮ ನೋಡಿಕೊಳ್ಳಬೇಕಾದ ಹಾಸಿಗೆ ಎರಡಾಗುತ್ತವೆ. ಟೆಕ್ನಿಷಿಯನ್ ಅಣ್ಣ ನೆಲ ನೋಡುತ್ತಿದ್ದ. ಅವತ್ತು ಅವಳನ್ನು ಮಲಗಿಸಿದ್ದು ಅವನಿಗೆ ನೆನಪಿತ್ತೋ ಇಲ್ಲವೋ. ಪರದೆಯ ಮೇಲಿನ ಮುಖವಿಲ್ಲದ ತಲೆ ಮೆಲ್ಲಗೆ ತಿರುಗಿ, ಸರಿಯಾಗಿ ಅವಳ ಎದುರಿಗೇ ಬಂದು ನಿಂತಿತು.

ಡಾಕ್ಟರಮ್ಮ ಪರದೆ ಆರಿಸಲು ಕೈ ಚಾಚಿದರು.

"ಅದು ನಂದು ಮೇಡಂ," ಎಂದಳು ಅವಳು. "ನಾನು ಹುಷಾರಾಗಿಲ್ಲ."