ನೆನೆದ ಎಲೆ

ಅಂಬವ್ವ ಕೆಲಸಕ್ಕೆ ಹೋಗದೆ ಒಂಬತ್ತು ದಿನವಾಗಿತ್ತು. ಹಾಗಂತ ಆರಾಮಾಗಿ ಕೂತಿದ್ದಳು ಅನ್ನಬೇಡಿ. ಕಾಂದಿವಲಿಯ ಚಾಳಿನ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಹುಣಸೆಹಣ್ಣು, ನಿಂಬೆಸಿಪ್ಪೆ, ಕಡಲೆಹಿಟ್ಟು ಹಾಕಿ ಕೈ ತಿಕ್ಕಿದ್ದೇ ತಿಕ್ಕಿದ್ದು. ಇಪ್ಪತ್ತೆರಡು ವರ್ಷ ತಂಬಾಕಿನ ಎಲೆಯ ದಂಟು ಬಿಡಿಸಿದ ಕೈ ಅದು, ಅಷ್ಟು ಸುಲಭಕ್ಕೆ ವಾಸನೆ ಬಿಡುತ್ತದೆಯೇ?

ಮುಲುಂಡಿನಲ್ಲಿ ಮಗ ಚೇತನನಿಗೆ ಹೆಣ್ಣುಕೂಸು ಹುಟ್ಟಿತ್ತು, ದಿನ ತುಂಬುವ ಮೊದಲೇ. ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಕೂಸು. ತಂಬಾಕಿನ ಕೈ ಹತ್ತಿರ ಸುಳಿಯಬಾರದು ಅಂತ ಡಾಕ್ಟರು ಹೇಳಿದ್ದರು. ಸೊಸೆ ಸೌಮ್ಯಾ ಅದನ್ನೇ ಮೆತ್ತಗೆ ಹೇಳಿದ್ದಳು: ಹತ್ತು ದಿನ ಎಲೆ ಮುಟ್ಟದೆ ಬರ್ರಿ, ಕೂಸಿಗೆ ಹೆಸರಿಡೋರು ನೀವೇ. ಚೇತನನಿಗೆ ಅಕ್ಕತಂಗಿಯರಿಲ್ಲ, ಹಾಗಾಗಿ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಯ ಪಾಲು ಅಂಬವ್ವನಿಗೆ ಬಂದಿತ್ತು. ಕೂಸನ್ನು ಅವಳು ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಅಂಥ ಒಂಬತ್ತನೇ ದಿನ ಬೆಳಿಗ್ಗೆ ಶೆಟ್ಟೆಪ್ಪನ ಫೋನು. ಸೇದುವ ಪೈಪಿಗೆ ತುಂಬುವ ತಂಬಾಕಿನ ಕಾರಖಾನೆಯಲ್ಲಿ ಕೆಲಸ ಹಂಚುವ ಮುಕಾದಮ ಅವನು. ಹೆಂಗಸರು ಎಷ್ಟು ಮಂದಿ ಬರುತ್ತಾರೆ ಅಂತಲೂ ಕೇಳದೆ ಒಂದಿಡೀ ಬೇಲು, ದೊಡ್ಡ ಮೂಟೆಯಷ್ಟು ಎಲೆಗೆ ನೀರು ಚಿಮುಕಿಸಿ ಗೋಣಿ ಹೊದಿಸಿಬಿಟ್ಟಿದ್ದ, ಮಹಾನುಭಾವ! ಕೆಲಸದ ಹೆಂಗಸರಲ್ಲಿ ಬಂದವಳು ಚನ್ನವ್ವ ಒಬ್ಬಳೇ. ಒಣ ಎಲೆ ವರ್ಷಗಟ್ಟಲೆ ಕಾಯುತ್ತದೆ, ನೆನೆದದ್ದು ಕಾಯುವುದಿಲ್ಲ. ಅವತ್ತೇ ನಡುವಿನ ದಂಟು ಎಳೆದು, ಬೆಲ್ಲದ ನೀರು ಕುಡಿಸಿ, ಹಲಗೆಯಡಿ ಒತ್ತಿಡಬೇಕು. ಇಲ್ಲವಾದರೆ ಒಳಗೆ ಕಾವೆದ್ದು ಬೂಷ್ಟು ಹಿಡಿಯುತ್ತದೆ. ಆಮೇಲೆ ಬೇರೆ ಎಲೆಯ ಜೊತೆ ಬೆರೆಸುವುದು ಎಲ್ಲಿಂದ ಬಂತು, ಕಸಕ್ಕೆ ಸುರಿಯಬೇಕಷ್ಟೆ. ಜೊತೆಗೆ ಶೆಟ್ಟೆಪ್ಪನ ನೌಕರಿಯೂ ಹೋದಂತೆಯೇ.

"ತಪ್ಪು ನಂದ ಐತಿ, ಅಂಬವ್ವಕ್ಕ. ಇದೊಂದ ಸರ್ತಿ ಬಾ" ಅಂದ.

ಗಂಡ ಸತ್ತಾಗ ಅವಳನ್ನು ಕೆಲಸಕ್ಕೆ ಹಚ್ಚಿದವನು ಅವನೇ. ಬೈದುಕೊಳ್ಳುತ್ತಲೇ ಚಪ್ಪಲಿ ಮೆಟ್ಟಿದಳು.

ಗ್ಲೌಸು ಹಾಕಿಕೊಂಡೇ ಎಲೆಯ ಮುಂದೆ ಕೂತಳು. ದಂಟು ಬೆರಳಿಗೆ ಸಿಗಲೊಲ್ಲದು. ಒಂದು ಎಲೆ ಹರಿಯಿತು, ಇನ್ನೊಂದು, ಮತ್ತೊಂದು. ಚೂರಾದದ್ದು ಒತ್ತುವುದಕ್ಕೆ ಬರುವುದಿಲ್ಲ. ಅಂಬವ್ವ ಗ್ಲೌಸು ಕಿತ್ತೊಗೆದಳು. ಸಂಜೆಯ ಹೊತ್ತಿಗೆ ಬೇಲು ಮುಗಿದಿತ್ತು, ಬೆರಳು ಮತ್ತೆ ಕಂದಾಗಿದ್ದವು.

ಮರುದಿನ, ಹೆಸರಿಡುವ ದಿನ, ದಾದರಿನಲ್ಲಿ ಗಾಡಿ ಬದಲಿಸಿ, ಉದ್ದಕ್ಕೂ ನಿಂತೇ ಮುಲುಂಡಿಗೆ ಹೋದಳು. ಮುಚ್ಚಿಡಬಹುದಿತ್ತು. ಕೂಸಿನ ವಿಷಯದಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿನ್ನೆ ಎಲೆ ಮುಟ್ಟೀನಿ ಅಂತ ಬಾಗಿಲಲ್ಲೇ ಹೇಳಿಬಿಟ್ಟಳು. ಚೇತನನ ಮುಖ ಕಪ್ಪಿಟ್ಟಿತು. ಒಂದು ದಿನ ತಡೆಯಲಿಕ್ಕಾಗಲಿಲ್ಲವೇ ಅಂತ ಕೇಳಿದ. ಅಂಬವ್ವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಅಳಬೇಕು ಅನ್ನಿಸಿತು, ಅದಕ್ಕೂ ತ್ರಾಣವಿರಲಿಲ್ಲ.

ಸೌಮ್ಯಾ ಒಳಗಿನಿಂದ ತನ್ನದೊಂದು ಒಗೆದ ಸೀರೆ ತಂದು ಅತ್ತೆಗೆ ಉಡಲು ಕೊಟ್ಟಳು. ನೆಲಕ್ಕೆ ಚಾಪೆ ಹಾಸಿ ಕೂರಿಸಿದಳು. ಆಮೇಲೆ ಕೂಸನ್ನು ಎತ್ತಿಕೊಂಡು ಬಂದಳು.

"ಕೈ ಹಿಂದಕ್ಕ ಇಟ್ಕೊಳ್ರಿ, ಅತ್ತಿ. ನಾ ಹಿಡ್ಕೋತೀನಿ."

ಅತ್ತೆಯ ಮಡಿಲಲ್ಲಿ ಕೂಸು, ಅದರಡಿಗೆ ಸೌಮ್ಯಾಳ ಕೈ. ಅಂಬವ್ವ ಬಾಗಿ ಆ ಪುಟ್ಟ ಕಿವಿಯಲ್ಲಿ ಶ್ರಾವ್ಯಾ, ಶ್ರಾವ್ಯಾ, ಶ್ರಾವ್ಯಾ ಅಂದಳು. ಕೂಸು ಮಿಸುಕಾಡಿ ಒಂದು ಕಡೆ ವಾಲಿತು. ಬೆನ್ನ ಹಿಂದೆ ಅಂಬವ್ವನ ಒಂದು ಕೈ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.