ಸಣ್ಣ ಗೌಡನಿಗೊಂದು ಮುದ್ರೆ

"ದೂರ ನಿಂತು ಉಡಿ ಚಾಚ ಬೇ! ಮೈಮ್ಯಾಲೆ ಬರಾಕತ್ತೀಯಲ್ಲ, ನಾ ಏನ್ ನಿನ್ನ ಗಂಡೇನ?"

ಶಂಕರೆಪ್ಪ ಗೌಡ ಕಣದಲ್ಲಿ ಕೂತು ನಮಗೆ ಕೂಲಿಯ ಜೋಳ ಅಳೆಯುತ್ತಿದ್ದ. ತುಬಚಿ ಊರಿನ ಕೇರಿಯ ಹೆಂಗಸರು ನಾವು, ಮುಟ್ಟಬಾರದ ಜನ. ದಿನವಿಡೀ ತೆನೆ ಮುರಿದರೆ ತಲೆಗೊಂದು ಸೇರು. ಆ ಸೇರಿನೊಳಗೆ ಗೌಡನ ಹೆಬ್ಬೆರಳು ಬುಡದ ತನಕ ಇಳಿದಿರುತ್ತಿತ್ತು. ಬೆರಳೋ, ಬದನೆಕಾಯೋ! ನಾವು ಅದಕ್ಕೆ ಸಣ್ಣ ಗೌಡ ಎಂದು ಹೆಸರಿಟ್ಟಿದ್ದೆವು. ದೊಡ್ಡ ಗೌಡ ವಾಡೆಯಲ್ಲಿ ಉಣ್ಣುತ್ತಾನೆ, ಸಣ್ಣ ಗೌಡ ನಮ್ಮ ಸೇರಿನಲ್ಲೇ ಉಣ್ಣುತ್ತಾನೆ. ಪಾಲಿನ ರೈತರಿಂದ ತಾನು ಅಳೆದುಕೊಳ್ಳುವಾಗ ಮಾತ್ರ ಬೆರಳು ಹೊರಗೆ, ಸೇರಿನ ಮೇಲೆ ಗೋಪುರ.

ಅಷ್ಟರಲ್ಲಿ ಡಂಗುರ ಬಿತ್ತು: ಸಂಸ್ಥಾನಕ್ಕೆಲ್ಲ ಇನ್ನು ಒಂದೇ ಸೇರು, ಸುಳ್ಳು ಸೇರಿಗೆ ದಂಡ. ಜಮಖಂಡಿಯಿಂದ ಅಳತೆ ಸಾಹೇಬ ಟಾಂಗಾದಲ್ಲಿ ಬಂದೇಬಿಟ್ಟ. ಹಿತ್ತಾಳೆಯ ಸೇರು, ಮುದ್ರೆಯ ಉಳಿ, ಸುತ್ತಿಗೆ, ಇಟ್ಟು ಬಡಿಯಲು ಪುಟ್ಟ ಅಡಿಗಲ್ಲು, ಎಲ್ಲ ಕಣದಲ್ಲಿ ಹರವಿಕೊಂಡು ಕೂತ. ಗೌಡನ ಜೀತದಾಳು ಯಮನಪ್ಪ ಹಿಗ್ಗಿ ಹೀರೇಕಾಯಿಯಾದ.

"ಇವತ್ತ ಗೌಡನ ಬಣ್ಣ ಬಯಲಾಕ್ಕೈತಿ ನೋಡ್ರೆವ್ವಾ!"

ಎಲ್ಲಿ ಬಯಲು? ಸಾಹೇಬ ಗೌಡನ ಸೇರಿಗೆ ಜೋಳ ತುಂಬಿ ತನ್ನ ಸೇರಿಗೆ ಸುರಿದ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಠಣ್ ಎಂದು ಮುದ್ರೆ ಬಿತ್ತು.

"ಗೌಡ್ರ ಸೇರು ಖರೆ ಐತಿ" ಎಂದ ಸಾಹೇಬ.

ಗೌಡ ಮೀಸೆ ತಿರುವಿದ. "ಕೇಳಿದ್ರೇನ್ಲೇ ಹಲ್ಕಟ್ ಸೂಳಿಮಕ್ಕಳ್ಯಾ? ಬರ್ರಿ, ಸರಕಾರಿ ಸೇರಿನ್ಯಾಗ ಕೂಲಿ ತುಗೋರಿ!"

ಸಾಹೇಬನ ಕಣ್ಣೆದುರೇ ಸಣ್ಣ ಗೌಡ ಬುಳಕ್ಕನೆ ಒಳಗಿಳಿದ. ಮುಂದೆ ನಿಂತವಳು ದುರಗವ್ವ. ಮನೆಯಲ್ಲಿ ಮಗಳು ಹಸಿ ಬಾಣಂತಿ, ಈ ಜೋಳ ಮನೆ ಸೇರಿದರೇನೇ ಅವಳಿಗೆ ಗಂಜಿ. ಅವಳು ಉಡಿ ಚಾಚಲಿಲ್ಲ.

"ಸಾಹೇಬ್ರ, ಸೇರು ಖರೆ ಐತ್ರಿ. ಒಳಗ ಕುಂತಾನಲ್ಲ, ಅವನ್ನ ಅಳೀರಿ."

"ಯಾರ್ ಕುಂತಾರ?"

"ಸಣ್ಣ ಗೌಡ್ರು!"

ಕಣವೆಲ್ಲ ಗೊಳ್ಳೆಂದಿತು. ಸಾಹೇಬ ಬೆರಳು ನೋಡಿದ, ಗೌಡನನ್ನು ನೋಡಿದ, ಕೆಮ್ಮಿದ.

"ನಂದು ಪಾತ್ರೆ ಅಳಿಯೂ ಕೆಲಸಬೇ. ಕೈಗೆ ಕಾಯ್ದೆ ಇಲ್ಲ."

"ಇಲ್ಲಂದ್ರ ಇವತ್ತ ಮಾಡೂಣು ತಡೀರಿ."

ಅಂದವಳೇ ಗೌಡನ ಬಲಗೈ ಹಿಡಿದು, ಹೆಬ್ಬೆರಳನ್ನು ಅಡಿಗಲ್ಲಿನ ಮೇಲೆ ಒತ್ತಿದಳು. ಮುಟ್ಟಿಬಿಟ್ಟಳು!

"ಹೊಡೀರಿ ಮುದ್ರಿ!"

"ಮುಟ್ಟಿದಳಲೇ! ಎಳೀರಲೇ ಈ ಭೋಸುಡಿನ್ನ!" ಗೌಡ ಆಳುಗಳನ್ನು ಕೂಗಿದ. ಆಳುಗಳೆಂದರೆ ನಾವೇ. ಯಾರೂ ಅಲುಗಲಿಲ್ಲ. ಸಾಹೇಬ ಸುತ್ತಿಗೆ ಕೆಳಗಿಟ್ಟು ಟಾಂಗಾದತ್ತ ನಡೆದ. ಯಮನಪ್ಪ ಅದನ್ನು ಎತ್ತಿ ಗೌಡನ ಹೆಬ್ಬೆರಳಿನ ಮೇಲೆ ಹಿಡಿದ.

"ಎಡಗೈಲೆ ಅಳೀರಿ ಗೌಡ್ರ" ಎಂದ, ಬಲು ಮರ್ಯಾದೆಯಿಂದ.

ಗೌಡ ಅಳೆದ. ಎಡ ಹೆಬ್ಬೆರಳೂ ಒಳಗಿಳಿಯಲು ನೋಡಿತು. ಯಮನಪ್ಪ ಸುತ್ತಿಗೆ ತೂಗಿದ, ಬೆರಳು ಹೊರಬಂತು. ಎಡಗೈಯಲ್ಲಿ ಕೊಟ್ಟ ಕಾಳು ಅಪಶಕುನವಂತೆ. ಆಗಲಿ ಬಿಡಿ, ನನ್ನ ಉಡಿ ಹುಟ್ಟಿದಾಗಿನಿಂದ ಅಷ್ಟು ಭಾರವಾಗಿರಲಿಲ್ಲ. ಸಾಲಿನವರೆಲ್ಲ ತುಂಬು ಸೇರು ಪಡೆದರು. ಕೈ ಬಿಟ್ಟ ಮೇಲೆ ಕೇರಿಗೆ ಏನು ಕಾದಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಮನೆಗೆ ಹೊರಡಲಿಲ್ಲ.

"ಇನ್ನ ಬಿಡ್ಲೇನೋ ಯಮನಪ್ಪ?" ದುರಗವ್ವ ಒತ್ತಿದ ಕೈ ಸಡಿಲಿಸದೆ ಕೇಳಿದಳು.

"ನಿಂದ ಅಳಿಯೂದ ಉಳದೈತಲ್ಲಬೇ!"

ಹೌದಲ್ಲ! ಕೈ ಬಿಟ್ಟರೆ ಸೇರಿಲ್ಲ, ಬಿಡದಿದ್ದರೆ ಉಡಿ ಹಿಡಿಯುವವರಿಲ್ಲ. ನಾನು ಉಡಿಯ ಗಂಟು ಸೊಂಟಕ್ಕೆ ಸಿಕ್ಕಿಸಿ ಮುಂದೆ ಹೋದೆ. ಗೌಡ ನನ್ನನ್ನೇ ದುರುಗುಟ್ಟಿ ನೋಡಿದ.

"ಏ, ನೀನೂ ಮುಟ್ಟತಿಯೇನಲೇ?"

"ಹೂನ್ರಿ" ಎಂದು ಅವನ ಕೈ ಹಿಡಿದೆ. ಬೆವತಿತ್ತು, ಮೆತ್ತಗಿತ್ತು. ಒತ್ತಿ ಹಿಡಿದೆ.

ದುರಗವ್ವ ಉಡಿ ಚಾಚಿದಳು. ನನ್ನ ಹಿಂದೆ, ಆ ಕೈ ಹಿಡಿಯುವ ಮುಂದಿನ ಸರದಿಗೆ, ಇನ್ನೊಬ್ಬಳು ಕುಪ್ಪಸದ ತೋಳು ಏರಿಸುತ್ತಿದ್ದಳು.